ಬಲಪಕ್ಕದ ಪರದೆ

"ಕೈ ತೆಗೀರಿ ಮಾಸ್ತರೇ!"

ಬೆಂಚಿನ ಒಂದು ತುದಿಯನ್ನು ಮಗಳು ಹಿಡಿದಿದ್ದಳು, ಇನ್ನೊಂದು ತುದಿಯನ್ನು ಮುದುಕರು. ನಡುವೆ ಅವಳ ತಾಯಿ ಬಿಳಿ ಬಟ್ಟೆ ಹೊದ್ದು, ಈ ತಕರಾರು ತನ್ನದಲ್ಲ ಎಂಬಂತೆ ಮಲಗಿದ್ದಳು.

"ಸ್ವಲ್ಪ ತಿರುಗಿಸ್ತೀನಿ, ಅಷ್ಟೇ ಮಗಳೇ. ಬಲಗಡೆ ಪೂರ್ತಿ ಗೋಡೆಗೆ ಒತ್ತಿಬಿಟ್ಟಿದೆ."

"ಸತ್ತವರಿಗೆ ಎಡ ಯಾವುದು, ಬಲ ಯಾವುದು?"

ಮಾಸ್ತರು ಬಾಗಿಲ ಬಳಿ ನಿಂತಿದ್ದ ಟೀವಿ ಡೈರೆಕ್ಟರ್ ಕಡೆ ಒಮ್ಮೆ ನೋಡಿ ಕೈಬಿಟ್ಟರು. ಆ ನೋಟ ಮಗಳ ಕಣ್ಣಿಂದ ತಪ್ಪಿಸಿಕೊಳ್ಳಲಿಲ್ಲ. ಇಂದೂ ಈ ಮನುಷ್ಯ ಏನನ್ನೋ ಮುಚ್ಚಿಡುತ್ತಿದ್ದಾನೆ.

ನಾಟಕ ಕಂಪನಿಯಲ್ಲಿ ನಟರು ಮಾತು ಮರೆತರೆ ಪಕ್ಕದ ಪರದೆಯ ಮರೆಯಿಂದ ಮೆಲ್ಲಗೆ ಎತ್ತಿಕೊಡುವುದು ಮಾಸ್ತರ ಕೆಲಸವಾಗಿತ್ತು. ಕಂಪನಿ ಮುಚ್ಚಿ ತಾಯಿ ಟೀವಿಗೆ ಹೋದಮೇಲೂ ಅವರು ಬೆನ್ನು ಬಿಡಲಿಲ್ಲ. ಶೂಟಿಂಗ್ ಸೆಟ್ಟಿನ ಸೋಫಾದ ಹಿಂದೆಯೋ ಬೀರುವಿನ ಮರೆಯಲ್ಲೋ ಅವರಿಗೊಂದು ಸ್ಟೂಲು ಇರಲೇಬೇಕು ಎಂದು ತಾಯಿ ಹಟ ಹಿಡಿಯುತ್ತಿದ್ದಳು.

ಮಗಳ ಪಕ್ಕಕ್ಕೆ ಸೋದರತ್ತೆ ಸರಿದು ಬಂದಳು. "ನೋಡಿದ್ಯಾ? ಹೆಣದ ಮೇಲೂ ಹಕ್ಕು! ನಮ್ಮಣ್ಣ ಸುಮ್ಸುಮ್ನೆ ಮನೆ ಬಿಟ್ಟು ಹೋದ್ನಾ?"

ಮಗಳು ಗೋಡೆಯತ್ತ ನೋಡಿದಳು. ಅವಳ ಅಪ್ಪ ಕಂಪನಿಯ ರಾಜಪಾರ್ಟು. ಫೋಟೋದಲ್ಲಿ ಕಿರೀಟ ತೊಟ್ಟು, ಬಲಗೈ ಎತ್ತಿ ನಿಂತಿದ್ದ. ಅವಳ ಐದನೆಯ ವಯಸ್ಸಿನಲ್ಲಿ ಹೋದವನು ತಿರುಗಿ ಬರಲಿಲ್ಲ.

ಬಾಗಿಲ ಬಳಿ ಡೈರೆಕ್ಟರ್ ಯಾರಿಗೋ ಹೇಳುತ್ತಿದ್ದ: "ನಮ್ಮ ಧಾರಾವಾಹೀಲಿ ಇವ್ರನ್ನ ಮೂರು ಸಲ ಸಾಯ್ಸಿದ್ವಿ ಸಾರ್. ಮೂರು ಸಲಾನೂ ಜನ ಬೈದೂ ಬೈದೂ ವಾಪಸ್ ಕರೆಸ್ಕೊಂಡ್ರು."

"ಆದ್ರೂ ಜಂಬ ಇತ್ತಪ್ಪ," ಎಂದಳು ಆ ಧಾರಾವಾಹಿಯಲ್ಲಿ ಅವಳ ಸೊಸೆಯಾಗಿದ್ದ ಹುಡುಗಿ, ಮೂಗು ಒರೆಸಿಕೊಳ್ಳುತ್ತ. "ಕ್ಯಾಮೆರಾದಲ್ಲಿ ಮುಖದ ಬಲಭಾಗ ಚೆನ್ನಾಗಿ ಕಾಣಲ್ಲ ಅಂತ ನಮ್ಮನ್ನೆಲ್ಲ ಬಲಗಡೆನೇ ನಿಲ್ಲಿಸ್ಕೊಳ್ಳೋರು. ಎಡಗಡೆಯಿಂದ ನಮಸ್ಕಾರ ಅಂದ್ರೆ ತಿರುಗಿ ಕೂಡ ನೋಡ್ತಿರ್ಲಿಲ್ಲ."

* * *

ಚಿಕ್ಕಂದಿನಲ್ಲಿ ಅವಳು ಶಾಲೆಯಿಂದ ಬಂದಾಗ ಅಮ್ಮ ಮಲಗಿರುತ್ತಿದ್ದಳು. ರಾತ್ರಿಯ ನಾಟಕದ ಬಣ್ಣ ಕಿವಿಯ ಹಿಂದೆ ಇನ್ನೂ ಅಂಟಿರುತ್ತಿತ್ತು. ಗೋಡೆಗೆ ಮುಖಮಾಡಿ, ಬಲಮಗ್ಗುಲಾಗಿ ಮಲಗುವುದು ಅವಳ ರೂಢಿ. ಹುಡುಗಿ ಚೀಲ ಬಿಸಾಡಿ ಅವಳ ಬೆನ್ನಿಗೆ ಅಂಟಿಕೊಂಡು ಕೇಳುತ್ತಿದ್ದಳು: "ಅಮ್ಮಾ, ಎಚ್ಚರ ಇದ್ದೀಯಾ?"

ಅಮ್ಮನ ಬೆರಳು ಗೋಡೆಯ ಮೇಲೆ ಸಣ್ಣಗೆ ತಾಳ ಹಾಕುತ್ತಿತ್ತು. ಎಚ್ಚರವಿರುತ್ತಿದ್ದಳು. ಆದರೂ ಓಗೊಡುತ್ತಿರಲಿಲ್ಲ.

ಸಂಜೆ ಮಾಸ್ತರು ಬರುತ್ತಿದ್ದರು. ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಒಂದು ದಿನ ಅವಳು ಸಂದಿಯಿಂದ ಇಣುಕಿದಳು. ಮಾಸ್ತರ ಬಾಯಿ ಅಮ್ಮನ ಕಿವಿಯ ಹತ್ತಿರವಿತ್ತು. ಅಮ್ಮ ಕಣ್ಣು ಮುಚ್ಚಿ ನಗುತ್ತಿದ್ದಳು.

ಅವರ ಪಿಸುಮಾತು ಕೇಳುತ್ತದೆ, ತನ್ನ ಕೂಗು ಕೇಳುವುದಿಲ್ಲ. ಆ ದಿನದಿಂದ ಹುಡುಗಿ ಕರೆಯುವುದನ್ನು ಬಿಟ್ಟಳು.

* * *

ಹೊರಗೆ ವಾಹನ ಬಂದು ನಿಂತ ಸದ್ದಾಯಿತು. ಮಗಳು ಮಾಸ್ತರನ್ನು ಅಡಿಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದಕ್ಕೆ ತಳ್ಳಿದಳು.

"ಅವಳು ಹೋಗೋಕೆ ಮುಂಚೆ ಒಂದೇ ಒಂದು ಮಾತು ಹೇಳಿ. ನನ್ನಪ್ಪ ನೀವಾ?"

ಮುದುಕರು ಸ್ಟೂಲಿನ ಮೇಲೆ ಕೂತರು. "ದೇವರೇ! ಗೋಡೆ ಮೇಲಿನ ಫೋಟೋ ನೋಡು, ಕನ್ನಡೀಲಿ ನಿನ್ನ ಮೂಗು ನೋಡ್ಕೋ. ಅದನ್ನೂ ನಾನೇ ಎತ್ತಿಕೊಡ್ಬೇಕಾ ತಾಯಿ?"

"ಹಾಗಾದ್ರೆ ಅವಳ ಕಿವೀಲಿ ಅದೇನು ಹೇಳ್ತಿದ್ರಿ?"

ಅವರು ಬಾಗಿಲ ಸಂದಿಯಿಂದ ಡೈರೆಕ್ಟರ್ ಎಲ್ಲಿದ್ದಾನೆಂದು ನೋಡಿ ದನಿ ತಗ್ಗಿಸಿದರು. "ನಿಮ್ಮಮ್ಮನ ಪಾಠ, ಆ ರಾತ್ರಿಯ ನಾಟಕದ್ದು. ಎಡಗಿವಿ ಪೂರ್ತಿ ಹೋಗಿತ್ತು. ಟೀವಿಯವರಿಗೆ ಗೊತ್ತಾದ್ರೆ ಪಾತ್ರ ಕೊಡಲ್ಲ, ಯಾರಿಗೂ ಹೇಳ್ಬೇಡಿ ಅಂತ ಮಾತು ತಗೊಂಡಿದ್ರು."

"ಇನ್ಯಾವ ಪಾತ್ರ, ಮಾಸ್ತರೇ?"

"ಕೊಟ್ಟ ಮಾತು ಮಾತೇ ಅಲ್ವಾ?"

ಮಗಳು ಗೋಡೆಗೆ ಒರಗಿದಳು. "ನನಗಾದ್ರೂ ಹೇಳಬಾರದಿತ್ತಾ?"

"ನಿನಗೆ ಹೇಳಿದ್ರೆ, ಹೇಗಾಯ್ತು ಅಂತ ಕೇಳ್ತಿದ್ದೆ."

"ಹೇಗಾಯ್ತು?"

ಮಾಸ್ತರು ತಮ್ಮ ಅಂಗೈಗಳನ್ನೇ ನೋಡಿಕೊಂಡರು. "ನಾಟಕದಲ್ಲಿ ರಾಜ ರಾಣಿಗೆ ಹೊಡೀಬೇಕು. ದಿನಾ ಅವರು ಗಾಳೀಲಿ ಕೈ ಬೀಸೋರು, ನಾನು ಪರದೆ ಹಿಂದೆ ಚಪ್ಪಾಳೆ ತಟ್ಟಿ ಏಟಿನ ಸದ್ದು ಮಾಡೋನು. ಅವತ್ತು ನಾನು ತಟ್ಟೋಕೆ ಮುಂಚೆನೇ ಸದ್ದು ಬಂತು. ರಾಣಿ ಪದೇ ಪದೇ ನನ್ನ ಕಡೆ ನೋಡ್ತಾಳೆ ಅಂತ ರಾಜರಿಗೆ ಅನುಮಾನ. ಮಾತು ಮರೆತೋರು ಇನ್ನೆಲ್ಲಿ ನೋಡ್ಬೇಕು, ಹೇಳು? ಜನ ಬೇರೆ ಒನ್ಸ್ ಮೋರ್ ಅಂದ್ರು. ಆಮೇಲೆ ನಾನು ನಿಲ್ತಿದ್ದಿದ್ದು ಬಲಪಕ್ಕದ ಪರದೇಲಿ ಮಾತ್ರ."

ಬೆಂಚಿದ್ದ ಕೋಣೆಯ ಕಡೆ ತಿರುಗಿ ಹೇಳಿದರು: "ಮೊದಲ ಮಾತು ಬಲಗಿವೀಲಿ ಹೇಳದೆ ಅವರು ಯಾವತ್ತೂ ರಂಗಕ್ಕೆ ಹೆಜ್ಜೆ ಇಟ್ಟೋರಲ್ಲ. ಇವತ್ತು ಹಾಗೇ ಹೇಗೆ ಕಳಿಸ್ಲಿ? ದೇವರ ಹೆಸರಾದ್ರೂ ಹೇಳೋಣ ಅಂತಿದ್ದೆ."

ಮಗಳು ಹೊರಗೆ ಬಂದಳು. ಈ ಸಲ ಬೆಂಚಿನ ತಲೆಯ ಕಡೆಯನ್ನು ಅವಳೇ ಹಿಡಿದಳು. ಇಬ್ಬರೂ ಸೇರಿ ಗೋಡೆಯಿಂದ ಈಚೆಗೆ ಎಳೆದರು.

"ಇದೇನೇ ಇದು?" ಎಂದಳು ಸೋದರತ್ತೆ. "ಅದೇನಂತೆ ಆ ಮನುಷ್ಯಂದು?"

ಡೈರೆಕ್ಟರ್ ಕೂಡ ಕತ್ತು ಚಾಚಿದ. ಮಗಳು ಅವನನ್ನು ನೋಡಿದಳು, ಆಮೇಲೆ ಮಾಸ್ತರನ್ನು.

"ಬಲಭಾಗ ಚೆನ್ನಾಗಿ ಕಾಣಲ್ಲ ಅಂತಿದ್ಲಂತಲ್ಲ ಅಮ್ಮ," ಎಂದಳು. "ಈಗಲಾದ್ರೂ ಜನ ನೋಡ್ಲಿ."

ಮಾಸ್ತರು ದಾರಿ ಬಿಟ್ಟು ಹಿಂದೆ ಸರಿದರು. ಗೋಡೆಗೂ ಬೆಂಚಿಗೂ ನಡುವಿನ ಇಕ್ಕಟ್ಟಿನಲ್ಲಿ ಅವಳು ಮೊಣಕಾಲೂರಿದಳು. ಬಲಗಿವಿಯ ಮೇಲಿದ್ದ ಕೂದಲನ್ನು ಪಕ್ಕಕ್ಕೆ ಸರಿಸಿ ಬಾಯಿಯನ್ನು ಹತ್ತಿರ ತಂದಳು.

"ಅಮ್ಮಾ, ಎಚ್ಚರ ಇದ್ದೀಯಾ?"

ಹೊರುವವರು ಅಂಗಿಯ ತೋಳು ಮಡಚಿಕೊಂಡು ಒಳಗೆ ಬಂದರು. ಮಾಸ್ತರು ಅವರ ಕಡೆ ನೋಡಲಿಲ್ಲ. ಮುಖವನ್ನು ಗೋಡೆಗೆ ತಿರುಗಿಸಿಕೊಂಡೇ, ಹಿಂದೆ ಕಂಪನಿಯಲ್ಲಿ ಪರದೆಯ ಹಗ್ಗ ಹಿಡಿದವರನ್ನು ತಡೆಯುತ್ತಿದ್ದ ಹಾಗೆ, ಒಂದು ಅಂಗೈಯನ್ನು ಮೇಲಕ್ಕೆತ್ತಿ ಹಿಡಿದಿದ್ದರು.