ಕೇಳಬ್ಯಾಡ್ರಿ, ಕೂಡಿಸ್ರಿ

ರಮಾಬಾಯಿಗೆ ಹೊಸ ನೆನಪು ಉಳಿಯುತ್ತಿರಲಿಲ್ಲ. ಹಳೆಯದೆಲ್ಲ ಇತ್ತು. ತನ್ನ ಮದುವೆಯಲ್ಲಿ ಯಾರು ಜಗಳ ತೆಗೆದರು, ಗಂಡ ಸತ್ತಾಗ ಯಾರು ಬರಲಿಲ್ಲ, ಕಮಲಾಪುರದ ಯಾವ ತೋಟದ ಕೆಂಪು ಬಾಳೆ ಮೊದಲು ಹಣ್ಣಾಗುತ್ತದೆ, ಎಲ್ಲವನ್ನೂ ತಪ್ಪಿಲ್ಲದೆ ಹೇಳುತ್ತಿದ್ದಳು. ಎರಡು ವರ್ಷಗಳ ಹಿಂದೆ ಜ್ವರ ಮೆದುಳಿಗೆ ಏರಿತು. ಕಲಬುರಗಿಯ ಆಸ್ಪತ್ರೆಯಿಂದ ಬದುಕಿ ಬಂದಳು. ಆಮೇಲೆ ನಡೆದದ್ದು ಯಾವುದೂ ಅವಳಲ್ಲಿ ಕಾಲು ಗಂಟೆಗಿಂತ ಹೆಚ್ಚು ನಿಲ್ಲಲಿಲ್ಲ. ಉಂಡು ಕೈ ತೊಳೆದು ಬಂದು, "ಇವತ್ತ ಊಟಕ್ಕ ಏನ್ ಮಾಡೀರಿ?" ಎಂದು ಕೇಳುತ್ತಿದ್ದಳು.

ಒಮ್ಮೆ ಮನೆಯಿಂದ ಹೊರಬಿದ್ದವಳು ಹುಮನಾಬಾದ್ ರಸ್ತೆ ಹಿಡಿದು ನಡೆದೇ ನಡೆದಳು. ಸಂಜೆ ಢಾಬಾದವರು ಗುರುತು ಹಿಡಿದು ಕರೆತಂದು ಬಿಟ್ಟರು. ಅಂದಿನಿಂದ ಅತ್ತೆ ಬಂಡೆಮ್ಮ ಕೂಲಿಗೆ ಹೋಗುವಾಗ ಹೊರಗಿನಿಂದ ಬಾಗಿಲಿಗೆ ಕೀಲಿ ಹಾಕತೊಡಗಿದಳು. ಕೈಕಾಲು ಗಟ್ಟಿಯಿದ್ದ ಹೆಂಗಸು ದಿನವಿಡೀ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದಳು.

ಮಗಳು ಸಂಘಮಿತ್ರಾ ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಮನಃಶಾಸ್ತ್ರದ ಎಂ.ಎ. ಓದುತ್ತಿದ್ದಳು. ನೆನಪಿನ ಪಾಠಕ್ಕೆ ತರಗತಿಯಲ್ಲಿ ಅವಳದ್ದೇ ಹೆಚ್ಚು ಅಂಕ. ಚೌಕ ಬರೆದು, ಬಾಣ ಎಳೆದು, ಅಂದವಾಗಿ ಚಿತ್ರ ಹಾಕಿದ್ದಳು: ನೆನಪು ಒಂದೇ ಕೋಣೆಯಲ್ಲ. ನಡೆದದ್ದನ್ನು ಇಡುವುದು ಒಂದು ಕಡೆ, ಕೈಗೆ ಕೂತ ಕೆಲಸವನ್ನು ಇಡುವುದು ಇನ್ನೊಂದು ಕಡೆ. ಮೊದಲನೆಯದು ಹಾಳಾದರೂ ಎರಡನೆಯದು ಉಳಿಯಬಹುದು. ಹೀಗೆ ಬರೆದು ಮುಗಿಸಿ ಮೆಸ್ಸಿಗೆ ಊಟಕ್ಕೆ ಹೋಗಿದ್ದಳು. ಅದು ತನ್ನ ತಾಯಿಯ ವಿಷಯವೆಂದು ಅವಳಿಗೆ ಹೊಳೆದದ್ದು ಇಕ್ಬಾಲ್ ಬೇಗಂ ಊರಿಗೆ ಬಂದ ಮೇಲೆ.

ಇಕ್ಬಾಲ್ ಬೇಗಂಗೆ ಕಲಬುರಗಿಯ ಜಗತ್ ಸರ್ಕಲ್ ಹತ್ತಿರ ಶಾಲಾ ಸಮವಸ್ತ್ರದ ಅಂಗಡಿ. ಜೂನ್ ಹೊತ್ತಿಗೆ ಹೊಲಿಗೆ ಸಾಲದೆಂದು ಕಮಲಾಪುರದಲ್ಲಿ ಒಂದು ಶೆಡ್ಡು ಹಿಡಿದು ಕರೆಂಟಿನ ಆರು ಹೊಲಿಗೆ ಮಷಿನ್ ತಂದಿಟ್ಟಳು. ಕೆಲಸ ಶುರುವಾಗುವುದು ಯುಗಾದಿಯ ನಂತರ. ಅಲ್ಲಿಯವರೆಗೆ ಶೆಡ್ಡಿನ ಕಸ ಗುಡಿಸುವುದು ಬಂಡೆಮ್ಮನಿಗೆ, ಕೀಲಿಯೂ ಅವಳ ಸೆರಗಿನಲ್ಲಿ. ಸಂಘಮಿತ್ರಾ ಹೋಗಿ ತಾಯಿಗೂ ಒಂದು ಮಷಿನ್ ಕೊಡಬೇಕೆಂದು ಕೇಳಿದಳು.

"ನೋಡ್ ಬೇಟಿ, ನಂದು ಧರ್ಮಶಾಲಾ ಅಲ್ಲ," ಎಂದಳು ಬೇಗಂ. "ದಾರ ತಾನೇ ಹಾಕಬೇಕು, ಕಿಸೆ ತಾನೇ ಹೊಲೀಬೇಕು. ಬಾಜೂಕ ನಿಂತು ಯಾರೂ ಹೇಳಬಾರದು. ಬಂತು ಅಂದ್ರ ಕೆಲಸ. ಇಲ್ಲಂದ್ರ ಖುದಾ ಹಾಫಿಜ್."

ಚಿಕ್ಕಪ್ಪ ಕುನಾಲ ನಕ್ಕುಬಿಟ್ಟ. "ವೈನಿಗಿ ಚಾ ಕುಡಿದದ್ದು ನೆನಪಿರಂಗಿಲ್ಲ. ಮಷಿನ್ ಕಲೀತಾಳಂತ! ಸಂಘೂ, ಆ ಎಂ.ಎ. ಬಿಟ್ಟು ಮನೀಗಿ ಬಾ. ಅವ್ವನ್ನ ನೋಡ್ಕೋ. ಬಾಗಲಕ್ಕ ಕೀಲಿ ಹಾಕೋದರ ತಪ್ಪತದ."

"ಬರ್ತೀನಿ ಕಾಕಾ. ಆಕಿ ಕಲೀಲಿಲ್ಲ ಅಂದ್ರ ಬರ್ತೀನಿ," ಎಂದಳು ಸಂಘಮಿತ್ರಾ.

ಮಾತು ಕೊಟ್ಟಾಯಿತು. ಕಲಿಸುವುದು ಉಳಿಯಿತು.

ಮಷಿನ್ನಿನ ದಾರಕ್ಕೆ ಒಂದು ದಾರಿಯಿದೆ. ರೀಲಿನಿಂದ ಹೊರಟು ಎರಡು ಬಿಲ್ಲೆಗಳ ನಡುವೆ ಹಾಯಬೇಕು, ಅಲ್ಲಿಂದ ಮೇಲೆ ಹೋಗಿ ಕೊಂಡಿಯ ತೂತಿನಲ್ಲಿ ನುಸುಳಬೇಕು, ಮತ್ತೆ ಕೆಳಗಿಳಿದು ಸೂಜಿಗೆ ಬರಬೇಕು. ಮಷಿನ್ ಓಡುವಾಗ ಮೇಲೆ ಕೆಳಗೆ ಕುಣಿಯುವ ಆ ಕೊಂಡಿಯನ್ನು ತಪ್ಪಿಸಿದರೆ ಬಟ್ಟೆಯ ಅಡಿಯಲ್ಲಿ ದಾರ ಹಕ್ಕಿಗೂಡಿನಂತೆ ಸಿಕ್ಕುಗಟ್ಟುತ್ತದೆ.

ವಾರದ ಕೊನೆಗೆ ಊರಿಗೆ ಬಂದ ಸಂಘಮಿತ್ರಾ ಶೆಡ್ಡಿನ ಕಿಟಕಿ ಪಕ್ಕದ ಮಷಿನ್ ಮೇಲೆ ಪುಸ್ತಕದಲ್ಲಿ ಓದಿದಂತೆಯೇ ಶುರುಮಾಡಿದಳು. ಸುಮ್ಮನೆ ತೋರಿಸಿದರೆ ನಿಲ್ಲುವುದಿಲ್ಲ, ಕಲಿಯುವವರಿಂದಲೇ ಉತ್ತರ ಹೊರಡಿಸಬೇಕು, ತಪ್ಪಿದರೆ ತಿದ್ದಬೇಕು. ಅವಳು ತನ್ನ ಪರೀಕ್ಷೆಗಳನ್ನೆಲ್ಲ ಗೆದ್ದದ್ದು ಹಾಗೆಯೇ.

"ಮುಂದೇನು ಯವ್ವಾ? ನೀನೇ ಹೇಳು."

ರಮಾಬಾಯಿ ದಾರವನ್ನು ಬಿಲ್ಲೆಯಿಂದ ನೇರ ಸೂಜಿಗೆ ತಂದಳು. ಹತ್ತಿರ ಕಂಡದ್ದು ಅದೇ.

"ಅಲ್ಲ, ಮೊದಲು ಕೊಂಡಿ."

"ಹೌದಲ್ಲ!" ರಮಾಬಾಯಿ ನಾಲಿಗೆ ಕಚ್ಚಿ ಸರಿಮಾಡಿದಳು.

ಮರುದಿನ ಮತ್ತೆ ಬಿಲ್ಲೆಯಿಂದ ಸೂಜಿಗೆ. ಮತ್ತೆ "ಹೌದಲ್ಲ". ವಾರದ ನಡುವೆ ಸಂಘಮಿತ್ರಾ ಇಲ್ಲದಾಗ ಬಂಡೆಮ್ಮ ಅದೇ ಪಾಠವನ್ನು ಬೈಗುಳ ಸೇರಿಸಿ ನಡೆಸಿದಳು. ಮೂರನೆಯ ವಾರಕ್ಕೆ ರಮಾಬಾಯಿಯ ಕೈ ಬಿಲ್ಲೆಯಿಂದ ಸೂಜಿಗೆ ಹಾರುವುದರಲ್ಲಿ ಎಷ್ಟು ಚುರುಕಾಗಿತ್ತೆಂದರೆ, ತಿದ್ದಲು ಬಾಯಿ ತೆರೆಯುವಷ್ಟರಲ್ಲಿ ತಪ್ಪು ಮುಗಿದಿರುತ್ತಿತ್ತು.

"ನಿನ್ನ ಸಾಲೀ ಬುದ್ಧಿ ಇಷ್ಟೇ ಏನ?" ಎಂದಳು ಬಂಡೆಮ್ಮ. "ಆಕಿ ದಿನಾ ದಿನಾ ಕೆಡಾಕತ್ತಾಳ."

ಆ ಮಾತನ್ನು ಸಂಘಮಿತ್ರಾ ಕಲಬುರಗಿಯ ಬಸ್ಸಿನಲ್ಲಿ ಮೆಲುಕು ಹಾಕಿದಳು. ಕೆಡುತ್ತಿದ್ದಾಳೆ ಎಂದರೆ ಬದಲಾಗುತ್ತಿದ್ದಾಳೆ. ಬದಲಾಗುತ್ತಿದ್ದಾಳೆ ಎಂದರೆ ಕಲಿಯುತ್ತಿದ್ದಾಳೆ. ಹಾಗಾದರೆ ಕಲಿಯುತ್ತಿರುವುದು ಏನನ್ನು?

ಹಾಸ್ಟೆಲಿನ ಲೈಬ್ರರಿಯಲ್ಲಿ ಕೂತು ಅದೇ ಹಳೆಯ ಚಿತ್ರವನ್ನು ಮತ್ತೆ ಬರೆದಳು. ಈ ಸಲ ನಡೆದದ್ದನ್ನು ಇಡುವ ಚೌಕದ ಮೇಲೆ ಅಡ್ಡಗೆರೆ ಎಳೆದು, ಉಳಿದ ಬಾಣಗಳನ್ನು ನೋಡಿದಳು. ತಿದ್ದುಪಡಿ ಕೆಲಸ ಮಾಡಬೇಕಾದರೆ 'ನಾನು ನಿನ್ನೆ ಇಲ್ಲಿ ತಪ್ಪಿದೆ' ಎಂಬುದು ನೆನಪಿರಬೇಕು. ಅದು ಇರುವ ಚೌಕಕ್ಕೇ ಗೆರೆ ಬಿದ್ದಿದೆ. ಕೈಯ ಚೌಕಕ್ಕೆ ಸರಿ ತಪ್ಪು ಗೊತ್ತಿಲ್ಲ. ಅದು ಮಾಡಿದ್ದನ್ನೇ ಮತ್ತೆ ಮಾಡುತ್ತದೆ. ತನಗೆ ಪರೀಕ್ಷೆ ಗೆದ್ದುಕೊಟ್ಟ ವಿಧಾನವೇ ತಾಯಿಗೆ ತಪ್ಪನ್ನು ಕಲಿಸುತ್ತಿತ್ತು. ಪುಸ್ತಕದ ಹಿಂಭಾಗದಲ್ಲಿ, ಯಾರೂ ಓದದ ಅಧ್ಯಾಯದಲ್ಲಿ, ಇದನ್ನೇ ಹೇಳಿತ್ತು: ಇಂಥವರಿಗೆ ಊಹಿಸಲು ಬಿಡಬೇಡಿ, ತಪ್ಪು ಆಗಲಿಕ್ಕೇ ಬಿಡಬೇಡಿ. ಒಂದು ಜಾಗದಲ್ಲಿ ಕಲಿತದ್ದು ಆ ಜಾಗಕ್ಕೇ ಅಂಟಿಕೊಳ್ಳುತ್ತದೆ ಎಂದೂ ಇತ್ತು.

ಮರುದಿನದ ಕಿರುಪರೀಕ್ಷೆಯನ್ನು ಬಿಟ್ಟು ಬೆಳಗಿನ ಬಸ್ಸು ಹತ್ತಿದಳು.

ತಪ್ಪು ಕೂತಿದ್ದ ಮಷಿನ್ ಬಿಟ್ಟು, ಎದುರು ಸಾಲಿನ ಬೇರೆ ಮಷಿನ್ನಿಗೆ ತಾಯಿಯನ್ನು ಕರೆದೊಯ್ದಳು. ಕೊಂಡಿಗೆ ಕೆಂಪು ರಿಬ್ಬನ್ ಕಟ್ಟಿದಳು. ತಾಯಿಯ ಬಲಗೈ ಮೇಲೆ ತನ್ನ ಕೈಯಿಟ್ಟು ರೀಲಿನಿಂದ ಬಿಲ್ಲೆಗೆ, ಬಿಲ್ಲೆಯಿಂದ ಕೊಂಡಿಗೆ, ಕೊಂಡಿಯಿಂದ ಸೂಜಿಗೆ ನಡೆಸಿದಳು. ಪ್ರಶ್ನೆಯಿಲ್ಲ, ಬೈಗುಳವಿಲ್ಲ. ಮತ್ತೆ. ಮತ್ತೆ.

"ಆಯಿ, ನಾ ಇಲ್ಲದಾಗ ನೀನೂ ಹಿಂಗೇ. ಬಾಯಿ ಬಿಡೂದಲ್ಲ. 'ಮುಂದೇನು' ಅಂದಿ, ಮುಗೀತು," ಎಂದಳು ಅಜ್ಜಿಗೆ.

"ಬಾಯಿ ಮುಚ್ಕೊಂಡು ಕಲಿಸೂದು ಅದ್ಯಾವ ಸಾಲ್ಯಾಗ ಅದ?"

"ಎಲಿ ಅಡಿಕಿ ಹಾಕ್ಕೋ. ಮಾತು ಬರಂಗಿಲ್ಲ."

ಅರವತ್ತೈದು ವರ್ಷ ಮಾತಾಡಿಕೊಂಡೇ ಬದುಕಿದ ಬಂಡೆಮ್ಮ ದವಡೆಗೆ ಎಲೆ ತುರುಕಿಕೊಂಡು ಸೊಸೆಯ ಕೈ ಹಿಡಿದಳು. ಮೊದಲು ಇಡೀ ಕೈ, ಆಮೇಲೆ ಮಣಿಕಟ್ಟು, ಆಮೇಲೆ ಮೊಣಕೈಗೆ ಒಂದು ಬೆರಳು. ರಿಬ್ಬನ್ನು ದಾರದೆಳೆಯಷ್ಟಾಯಿತು, ಒಂದು ದಿನ ಅದೂ ಇಲ್ಲವಾಯಿತು. ರಮಾಬಾಯಿಯ ಕೈ ಮೇಲೆ ಹೋಗಿ ಕೊಂಡಿಯನ್ನು ಹುಡುಕಿಕೊಂಡಿತು. ಒಂದು ಮಷಿನ್ ಕೈಗೆ ಕೂತ ಮೇಲೆ ಅದರ ಪಕ್ಕದ್ದು, ಅದಾದ ಮೇಲೆ ಮತ್ತೊಂದು. ಹಳೆಯ ತಪ್ಪಿನ ಮಷಿನ್ ಎಲ್ಲಕ್ಕಿಂತ ಕೊನೆಗೆ. ಕಿಸೆ ಹೊಲಿಯುವುದನ್ನೂ ಹೀಗೆಯೇ ಕೈಗೆ ಕೂರಿಸಿದರು.

ಫೋನಿನಲ್ಲಿ ಬಂಡೆಮ್ಮನ ದನಿ ಬೇರೆಯಾಗಿತ್ತು. "ಏ ಸಂಘೂ, ಇದೇನವಾ ಇದು! ಬಾಯಿ 'ನನಗ ಬರಂಗಿಲ್ಲ' ಅಂತದ, ಕೈ ಮಾಡ್ಕೋತ ಹೊಂಟದ!"

ಯುಗಾದಿ ಮುಗಿದ ವಾರ ಇಕ್ಬಾಲ್ ಬೇಗಂ ಬಂದಳು. ನೋಡಲು ಕುನಾಲನೂ ಬಂದು ಬಾಗಿಲಿಗೆ ಒರಗಿ ನಿಂತ. ಹೆಂಗಸರು ಸುತ್ತ ಸೇರಿದರು.

"ಈ ಮಷಿನ್ ಮ್ಯಾಲ ಮೊದಲು ಕೂತೀಯೇನಮ್ಮಾ?" ಬೇಗಂ ಕೇಳಿದಳು.

"ಇಲ್ರಿ. ಎಂದೂ ಕೂತಿಲ್ರಿ," ಎಂದಳು ರಮಾಬಾಯಿ. "ಕರೆಂಟಿನ ಮಷಿನ್ ನನಗ ಅಂಜಿಕಿ."

ಕುನಾಲ ಚಪ್ಪಾಳೆ ತಟ್ಟಿದ. "ಆತಲ್ಲ! ಆಕೀನೇ ಹೇಳ್ಯಾಳ!"

ಬೇಗಂ ಸಂಘಮಿತ್ರಾಳ ಕಡೆ ತಿರುಗಿದಳು. "ಕ್ಯಾ ಬೇಟಿ?"

"ಕೇಳಬ್ಯಾಡ್ರಿ ಆಪಾ, ಕೂಡಿಸ್ರಿ."

ಕೂಡಿಸಿದರು. ರಮಾಬಾಯಿ ಮಷಿನ್ನನ್ನು ಹೊಸಬಳಂತೆ ನೋಡಿದಳು. ಬಂಡೆಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಕೈ ರೀಲಿನತ್ತ ಹೋಯಿತು. ಬಿಲ್ಲೆಗಳ ನಡುವೆ ಹಾಯಿತು. ಅಲ್ಲಿ ಅರೆಗಳಿಗೆ ನಿಂತಿತು. ಕೈ ಮೇಲೆ ಹೋಗಿ, ಕೊಂಡಿಯಲ್ಲಿ ನುಸುಳಿ, ಇಳಿದು ಸೂಜಿಯನ್ನು ಮುಟ್ಟಿತು. ಪೆಡಲ್ ಒತ್ತಿದಳು. ಮೂಲೆಯಲ್ಲಿ ಸೂಜಿಯನ್ನು ಬಟ್ಟೆಯೊಳಗೇ ನಿಲ್ಲಿಸಿ, ಬಟ್ಟೆ ತಿರುಗಿಸಿ, ಮತ್ತೆ ಓಡಿಸಿದಳು. ಕಿಸೆ ಅಂಗಿಗೆ ಕೂತಿತು. ಬೇಗಂ ಅಂಗಿ ಮಗುಚಿ ಅಡಿಯ ಹೊಲಿಗೆ ನೋಡಿದಳು. ಸಿಕ್ಕಿಲ್ಲ.

ಬೇಗಂ ದಾರವನ್ನು ಫಟ್ಟನೆ ಕಿತ್ತಳು. "ಫಿರ್ ಸೇ."

ರಮಾಬಾಯಿ ಮತ್ತೆ ಹಾಕಿದಳು.

"ಆ ಕಿಟಕಿ ಬಾಜೂದರ ಮ್ಯಾಲ."

ಅದು ತಪ್ಪು ಕಲಿತಿದ್ದ ಮಷಿನ್. ರಮಾಬಾಯಿ ಎದ್ದು ಹೋಗಿ ಕೂತು, "ಇದು ನನಗ ಬರಂಗಿಲ್ರಿ," ಎಂದು ಹೇಳುತ್ತಲೇ ರೀಲು, ಬಿಲ್ಲೆ, ಕೊಂಡಿ, ಸೂಜಿ ಮುಗಿಸಿ ಇನ್ನೊಂದು ಕಿಸೆ ಹೊಲಿದಿಟ್ಟಳು. ಹೆಂಗಸರು ಹೋ ಎಂದು ಕೂಗಿದರು. ಬಂಡೆಮ್ಮ ಸೆರಗು ಬಿಟ್ಟು, ತಿಂಗಳುಗಟ್ಟಲೆ ತಡೆದಿಟ್ಟಿದ್ದ ಮಾತನ್ನೆಲ್ಲ ಕುನಾಲನ ಮೇಲೆ ಸುರಿದಳು. "ತಟ್ಟೋ ಈಗ ಚಪ್ಪಾಳಿ! ತಟ್ಟು ನೋಡೂಣು!"

ಕುನಾಲ ತಟ್ಟಿದ. ಸೋತ ಮುಖದಲ್ಲೂ ನಗು ತಡೆಯಲಾಗಲಿಲ್ಲ.

"ನಾಳಿ ಇಲ್ಲಿ ಕೆಲಸ ಐತಿ ಅನ್ನೋದು ಈಕೀಗಿ ನೆನಪಿರತದ?" ಬೇಗಂ ಕೇಳಿದಳು.

"ಇರಂಗಿಲ್ಲ. ಆಯಿ ಕರಕೊಂಡು ಬಂದು ಕೂಡಿಸ್ತಾಳ್ರಿ."

"ಚಲೋ. ನಮ್ಮ ಅಂಗಡಿ ಹೆಂಗಸ್ರಿಗಿ ಎಲ್ಲಾ ನೆನಪದ. ನಿನ್ನಿ ಅತ್ತಿ ಅಂದದ್ದು, ಮೊನ್ನಿ ನಾದಿನಿ ಅಂದದ್ದು. ಮಾತಿನ್ಯಾಗ ಹೊಲಗಿ ನಿಂತಿರತದ. ಈಕೀನೇ ಅಚ್ಛೀ." ಬೇಗಂ ರಮಾಬಾಯಿಯ ಭುಜ ತಟ್ಟಿದಳು. "ಈ ಮಷಿನ್ ನಿಂದು."

ಮರುದಿನದಿಂದ ಮನೆಯ ಬಾಗಿಲಿಗೆ ಹಗಲು ಕೀಲಿ ಬೀಳಲಿಲ್ಲ. ಸಂಘಮಿತ್ರಾ ಹಾಸ್ಟೆಲಿಗೆ ಮರಳಿದಳು. ಹೊರಡುವ ಮುನ್ನ ತಾಯಿಗೆ ನಿನ್ನೆಯದನ್ನು ಹೇಳಿದಳು.

"ನಾನ? ಅಷ್ಟು ಮಂದಿ ಮುಂದ?" ರಮಾಬಾಯಿ ಬಿದ್ದು ಬಿದ್ದು ನಕ್ಕಳು. "ಏ, ಸುಳ್ಳು ಹೇಳಬ್ಯಾಡ ಹೋಗ."

ಕಳೆದುಹೋದದ್ದು ಇಷ್ಟು: ಜ್ವರದಿಂದೀಚೆಗಿನ ಎರಡು ವರ್ಷ, ಕಲಿತ ಅಷ್ಟೂ ದಿನ, ಗೆದ್ದ ಒಂದು ಮಧ್ಯಾಹ್ನ, ಮಗಳ ಒಂದು ಕಿರುಪರೀಕ್ಷೆ, ಕಲಿಯುವಾಗ ಮುರಿದ ಒಂಬತ್ತು ಸೂಜಿ.