ಆಕ್ಷೇಪಣೆ ಇರುವವರು

"ಕಿಟಕಿ ಹಾಕು," ಎಂದ ಗುರುಕಿರಣ.

ಅದಿತಿ ಹಾಕಲಿಲ್ಲ. ಕನ್ನಡಿಯ ಮುಂದೆ ನಿಂತು ಕೈ ಆಡಿಸುತ್ತ, ಅಮೆರಿಕದಲ್ಲಿ ಕರಿಯರು ಬಸ್ಸಿನ ಹಿಂದಿನ ಸೀಟುಗಳಲ್ಲೇ ಕೂರಬೇಕಾಗಿದ್ದ ಕಾಲದ ಬಗ್ಗೆ ಇಂಗ್ಲಿಷಿನಲ್ಲಿ ಭಾಷಣ ಒಪ್ಪಿಸುತ್ತಿದ್ದಳು. ನಾಳೆ ಶಾಲೆಯಲ್ಲಿ ಸ್ಪರ್ಧೆ. ಮಾತುಮಾತಿಗೂ ಸಮಾನತೆ, ಹಕ್ಕು, ಘನತೆ. ಕೆಳಗೆ ಪಾರ್ಕಿಂಗಿನಲ್ಲಿ ಮೀಟಿಂಗಿಗೆ ಕುರ್ಚಿ ಹಾಕುತ್ತಿದ್ದರು. ಅವರಿಗೆ ಕೇಳಿಸಿದರೆ ಏನೆಂದುಕೊಂಡಾರು ಎಂದು ಅವನಿಗೆ ಹೆದರಿಕೆ.

"ಪಪ್ಪಾ, ಈ ಪಾಯಿಂಟ್ ಕೇಳು. ಕೆಲವು ಬ್ಲ್ಯಾಕ್ ಲೋಗ್ ಇದ್ರು. ಸ್ಕಿನ್ ಸ್ವಲ್ಪ ಲೈಟ್ ಇತ್ತು. ಬೇರೆ ಸಿಟಿಗೆ ಹೋಗಿ ವೈಟ್ ಆಗ್ಬಿಟ್ರು."

"ಆಮೇಲೆ?"

"ಆಮೇಲೆ ಏನು, ಡರ್ ಡರ್ ಕೇ, ಹೆದರ್ಕೊಂಡೇ ಇದ್ರು. ಸ್ವಂತ ಮಮ್ಮಿ ರೋಡಲ್ಲಿ ಸಿಕ್ಕಿದ್ರೂ ಮಾತಾಡ್ತಿರ್ಲಿಲ್ಲ."

"ಯಾರಾದ್ರೂ ಸಿಕ್ಕಿಬಿದ್ರಾ?"

"ಅದು ನೋಟ್ಸಲ್ಲಿ ಇಲ್ಲ."

ಅವನೇ ಎದ್ದು ಕಿಟಕಿ ಹಾಕಿದ.

ಕೊಳ್ಳೇಗಾಲದ ಹತ್ತಿರದ ಒಂದು ಹೊಲಗೇರಿಯಲ್ಲಿ ಹುಟ್ಟಿದವನು ಗುರುಕಿರಣ. ಇನ್ಶೂರೆನ್ಸ್ ಆಫೀಸಿನವರು ಸೂರತ್ತಿಗೆ ಹಾಕಿದಾಗ ಎಲ್ಲರೂ ಅಯ್ಯೋ ಎಂದಿದ್ದರು. ಅವನಿಗೆ ಮಾತ್ರ ಜೀವ ಬಂದಂತಾಗಿತ್ತು. ಈ ಊರಿನಲ್ಲಿ ಅವನ ಹೆಸರನ್ನು ಕೇಳಿ ಜಾತಿ ಹೇಳಬಲ್ಲವರು ಯಾರೂ ಇರಲಿಲ್ಲ. ಸಹೋದ್ಯೋಗಿಗಳೆಲ್ಲ ತಾಪಿ ನದಿಯ ಆಚೆ ಮನೆ ಮಾಡಿದರೆ ಅವನು ಈಚೆ ಅಡಾಜಣ್‌ನಲ್ಲಿ ಮಾಡಿದ. ಮಗಳಿಗೂ ಹೇಳಿರಲಿಲ್ಲ. ದೊಡ್ಡವಳಾಗಲಿ ಎಂದುಕೊಂಡಿದ್ದ. ಈಗ ದೊಡ್ಡವಳಾಗಿದ್ದಳು.

ಸುಳ್ಳು ಅವನೇನೂ ಹೇಳಿರಲಿಲ್ಲ. ದಕ್ಷಿಣದವರು, ಮನೆಯಲ್ಲಿ ಮೊಟ್ಟೆ ಕೂಡ ಇಲ್ಲ, ಅಂದ ಮೇಲೆ ಬ್ರಾಹ್ಮಣರೇ ಎಂದು ಅಪಾರ್ಟ್‌ಮೆಂಟ್ ಸೊಸೈಟಿಯವರು ತಾವಾಗಿ ತೀರ್ಮಾನಿಸಿದ್ದರು. ಸತ್ಯನಾರಾಯಣ ಕಥೆಯ ದಿನ ಮೊದಲ ಮಣೆ ಅವನಿಗೇ ಹಾಕಿದ್ದರು. ಅವನು ನಕ್ಕು ಕೂತಿದ್ದ. ಅಂದಿನಿಂದ ಅವನು ಗುರುಜಿ. ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುವಾಗಲೂ ಯಾರ ಮೂಗಿಗೆ ಏನು ಬಡಿಯಿತೋ ಎಂದು ಬಾಗಿಲ ಕಡೆ ನೋಡುವುದು ಅಭ್ಯಾಸವಾಯಿತು.

"ಜ್ವರ ಅಂತ ಹೇಳಿ. ಹೋಗ್ಬೇಡಿ," ಎಂದಳು ಹೆಂಡತಿ ಮೇದಿನಿ.

"ಹೋಗದಿದ್ರೆ ಯಾಕೆ ಬರ್ಲಿಲ್ಲ ಅಂತಾರೆ."

"ಹೋದ್ರೆ ಏನಂತೀರಿ?"

"ಹಾಲು ಉಕ್ತಿದೆ ನೋಡು."

ಒಲೆಯ ಮೇಲೆ ಹಾಲು ಇರಲಿಲ್ಲ. ಮೇದಿನಿ ಬಾಲ್ಕನಿಯಲ್ಲಿ ಕೂತಿದ್ದ ಅತ್ತೆ ಗೌರಮ್ಮನ ಹತ್ತಿರ ಹೋದಳು.

ಮೀಟಿಂಗಿನ ವಿಷಯ ಒಂದೇ. ಐದನೇ ಮಹಡಿಯ ಫ್ಲ್ಯಾಟನ್ನು ಮಕ್ವಾಣಾ ಎಂಬ ಬ್ಯಾಂಕಿನವರು ಕೊಳ್ಳಲಿದ್ದರು. ಅಡ್ಡಹೆಸರು ಕೇಳಿದ್ದೇ ಸೊಸೈಟಿಗೆ ಅನುಮಾನ ಬಂದಿತ್ತು. ಆಮೇಲೆ ಅಲ್ಲಿ ಇಲ್ಲಿ ವಿಚಾರಿಸಿ ದಲಿತರೇ ಎಂದು ಖಚಿತ ಮಾಡಿಕೊಂಡಿದ್ದರು. ಕೊಳ್ಳುವವರು ಮೊದಲು ಬಂದು ಎಲ್ಲರಿಗೂ ಮುಖ ತೋರಿಸಿ ಹೋಗುವುದು ಇಲ್ಲಿನ ರೂಢಿ.

ಮಕ್ವಾಣಾ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಕೊನೆಯ ಸಾಲಿನಲ್ಲಿ ಕೂತಿದ್ದ. ಅಕ್ಕಪಕ್ಕದ ಕುರ್ಚಿಗಳು ಖಾಲಿ. ಮಜ್ಜಿಗೆಯ ಲೋಟಗಳ ತಟ್ಟೆ ಅವನ ಮುಂದಿನ ಸಾಲಿನವರೆಗೂ ಬಂದು ಹಿಂದಕ್ಕೆ ಹೋಯಿತು. ಗುರುಕಿರಣ ತನ್ನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಮಕ್ವಾಣಾ ಎದ್ದು ನೇರವಾಗಿ ಅವನ ಹತ್ತಿರವೇ ಬಂದ.

"ನಮಸ್ಕಾರ ಸಾರ್. ನೀವು ಕರ್ನಾಟಕ ಅಂತೆ?"

ಕನ್ನಡ! ಗುರುಕಿರಣ ಅತ್ತಿತ್ತ ನೋಡಿದ.

"ನಾನು ಕೊಳ್ಳೇಗಾಲ ಬ್ರಾಂಚಲ್ಲಿ ಇತ್ತು, ಮೂರು ವರ್ಷ. ನಿಮ್ಮದು ಯಾವ ಊರು?"

"ಬೆಂಗಳೂರು."

"ಬೆಂಗಳೂರಲ್ಲಿ ಯಾವ ಕಡೆ?"

"ಹಾಗೇ... ಸುಮಾರು ಕಡೆ ಇದ್ವಿ."

ಮಕ್ವಾಣಾ ನಕ್ಕ. "ಮೇಲೆ ಬಾಲ್ಕನಿಯಲ್ಲಿ ಅಮ್ಮ ಮಾತಾಡ್ತಾ ಇತ್ತು. ನಿಮ್ಮ ತಾಯಿ ಅಲ್ವಾ? ಒಳ್ಳೆ ಕೊಳ್ಳೇಗಾಲದ ಮಾತು. ಕೇಳಿ ತುಂಬಾ ಖುಷಿ ಆಯ್ತು. ಆ ಕಡೆ ಕೇರಿ ಕೇರಿ ಸುತ್ತಿದ್ದೀನಿ ಸಾರ್, ಲೋನ್ ಕೊಡೋಕೆ."

ಅವನ ಮುಖದಲ್ಲಿ ಕುಹಕವೇನೂ ಇರಲಿಲ್ಲ. ಗುರುಕಿರಣನಿಗೆ ಹೆದರಿಕೆಯಾದದ್ದು ಅದಕ್ಕೇ. ಈ ಮನುಷ್ಯ ಇಲ್ಲಿಗೆ ಬರುತ್ತಾನೆ. ಲಿಫ್ಟಿನಲ್ಲಿ ಸಿಗುತ್ತಾನೆ. ಅಮ್ಮನ ಹತ್ತಿರ ಊರು, ಬೀದಿ, ಮನೆದೇವರು ಎಂದು ಪ್ರೀತಿಯಿಂದಲೇ ಕೇಳುತ್ತಾನೆ. ಅಮ್ಮನೂ ಪ್ರೀತಿಯಿಂದಲೇ ಹೇಳಿಬಿಡುತ್ತಾಳೆ. ಇಡೀ ಸೂರತ್ತಿನಲ್ಲಿ ತನ್ನನ್ನು ಗುರುತು ಹಿಡಿಯಬಲ್ಲವನು ಇವನೊಬ್ಬನೇ. ಮಕ್ವಾಣಾನ ಮೇಲೆ ಅವನಿಗೆ ದ್ವೇಷ ಬಂತು. ಆ ದ್ವೇಷ ಕಂಡು ಇನ್ನಷ್ಟು ಭಯವಾಯಿತು.

"ಆಮೇಲೆ ಮಾತಾಡೋಣ," ಎಂದು ಮುಂದಿನ ಸಾಲಿಗೆ ಹೋಗಿ ಕೂತ.

ಸೆಕ್ರೆಟರಿ ಬಿಪಿನ್‌ಭಾಯ್ ಎದ್ದು ಗಂಟಲು ಸರಿಮಾಡಿಕೊಂಡ. "ನಮ್ಮಲ್ಲಿ ಭೇದಭಾವ ಇಲ್ಲ. ಯಾರು ಎಲ್ಲಿ ಬೇಕಾದರೂ ಇರಬಹುದು. ಆದರೆ ವಾತಾವರಣ ಅಂತ ಒಂದಿರುತ್ತದೆ. ಆಕ್ಷೇಪಣೆ ಇರುವವರು ಕೈ ಎತ್ತಿ."

ಯಾರೂ ಎತ್ತಲಿಲ್ಲ. ಮನೆಮನೆಯಲ್ಲಿ ಕೂತು ಏನೇನೋ ಅಂದಿದ್ದವರೆಲ್ಲ ಈಗ ಮೊಬೈಲು ನೋಡತೊಡಗಿದರು. ಆ ಮನುಷ್ಯ ಎದುರಿಗೇ ಕೂತಿದ್ದನಲ್ಲ. ಒಂದು ಗಳಿಗೆ ಗುರುಕಿರಣನಿಗೆ ಎಲ್ಲವೂ ಹೀಗೇ ಮುಗಿದುಹೋಗಲಿ ಅನಿಸಿತು. ಮುಗಿದುಹೋದರೆ ತನ್ನ ಗತಿಯೇನು ಎಂದೂ ಅನಿಸಿತು.

ಬಿಪಿನ್‌ಭಾಯ್ ಅವನ ಕಿವಿಯ ಹತ್ತಿರ ಬಗ್ಗಿದ. "ಗುರುಜಿ, ಎಲ್ಲರೂ ನಿಮ್ಮನ್ನೇ ನೋಡ್ತಿದ್ದಾರೆ. ನೀವು ಇರಲಿ ಅಂದರೆ ಇರಲಿ. ಬೇಡ ಅಂದರೆ ಬೇಡ."

"ನಾನು ಹೊರಗಿನವನು."

"ನೀವು ಹೊರಗಿನವರಾ? ಏನು ಮಾತು!"

ಇರಲಿ ಎಂದರೆ ಸಾಕಾಗಿತ್ತು. ಆದರೆ ಇರಲಿ ಎಂದರೆ ಯಾಕೆ ಎಂದು ಕೇಳುತ್ತಾರೆ. ನಿಮಗೇಕೆ ಅವರ ಮೇಲೆ ಅಷ್ಟು ಕನಿಕರ ಎಂದು ಒಬ್ಬನಾದರೂ ಕೇಳುತ್ತಾನೆ. ಬೆನ್ನ ಹಿಂದೆ ಕೊನೆಯ ಸಾಲಿನಲ್ಲಿ ಕುರ್ಚಿಯೊಂದು ಕಿರ್ರೆಂದಿತು.

ಕೈ ತಾನಾಗಿಯೇ ಮೇಲೆ ಹೋಯಿತು.

ಅದನ್ನು ನೋಡಿ ಪಕ್ಕದವನು ಎತ್ತಿದ. ಆಮೇಲೆ ಅವನ ಪಕ್ಕದವನು. ನೋಡನೋಡುತ್ತಿದ್ದಂತೆ ಪಾರ್ಕಿಂಗಿನ ತುಂಬ ಕೈಗಳು. ಎಲ್ಲರ ಮುಖದಲ್ಲೂ ನಿರಾಳ. ಮಕ್ವಾಣಾ ಎದ್ದು ನಿಂತ ಸದ್ದು ಕೇಳಿಸಿತು. ಗುರುಕಿರಣ ತಿರುಗಲಿಲ್ಲ.

"ಪಪ್ಪಾ!"

ಮೂರನೇ ಮಹಡಿಯ ಬಾಲ್ಕನಿಯಲ್ಲಿ ಅದಿತಿ. ಅಪ್ಪ ತನ್ನನ್ನೇ ಕಂಡು ಕೈ ಎತ್ತಿದ್ದಾನೆ ಎಂದುಕೊಂಡಿದ್ದಳು. ನಗುತ್ತ ತಾನೂ ಕೈ ಎತ್ತಿ ಬೀಸಿದಳು. ಪಕ್ಕದಲ್ಲಿ ಅವನ ತಾಯಿ ಗೌರಮ್ಮ ಕಣ್ಣು ಕಿರಿದು ಮಾಡಿ ಕೆಳಗೆ ನೋಡಿದಳು.

"ಏನ್ ಮಗಾ, ಕರ್ದಿಯಾ?" ಎಂದು ಕೂಗಿ ಅವಳೂ ಕೈ ಎತ್ತಿದಳು.

ಬಿಪಿನ್‌ಭಾಯ್ ತಲೆಯೆತ್ತಿ ನೋಡಿದ. "ನೋಡಿ, ನೋಡಿ! ಗುರುಜಿ ಮನೆಯವರದೆಲ್ಲ ಒಂದೇ ಮಾತು!" ಎಂದು ಜೋರಾಗಿ ನಕ್ಕ. ಎಲ್ಲರೂ ಮೇಲೆ ನೋಡಿ ನಕ್ಕರು.

ಬೇರೆಯವರ ಕೈಗಳು ಒಂದೊಂದಾಗಿ ಇಳಿದವು. ಗುರುಕಿರಣ ತನ್ನದನ್ನು ಇಳಿಸಲು ನೋಡಿದ. ಭುಜ ಮರಗಟ್ಟಿತ್ತು. ಮೇಲೆ ಗೌರಮ್ಮ, ಮಗನಿಗೆ ತಾನು ಕಾಣುತ್ತಿಲ್ಲವೆಂದುಕೊಂಡಳೋ ಏನೋ, ಹಚ್ಚೆ ಹಾಕಿಸಿಕೊಂಡ ಒಣಗಿದ ತೋಳನ್ನು ಕಂಬಿಯಾಚೆ ಇನ್ನೂ ಎತ್ತರಕ್ಕೆ ಚಾಚಿದಳು.