ಸಹಿ ನೋಡುವ ಭೂತಗನ್ನಡಿ

ನಾನು ಒಂದು ಭೂತಗನ್ನಡಿ. ದೂರದ ಅಂಬಾಲಾ ಪಟ್ಟಣದ ಒಂದು ಇಕ್ಕಟ್ಟಾದ ಓಣಿಯಲ್ಲಿ ನನ್ನ ಗಾಜನ್ನು ಉಜ್ಜಿದರು. ಉಜ್ಜಿದವನ ಹೆಸರು ನನಗೆ ಗೊತ್ತಿಲ್ಲ. ಕೆಲಸ ಮುಗಿದ ಮೇಲೆ ಅವನು ನನ್ನನ್ನು ಅಂಗಿಯ ತುದಿಯಿಂದ ಒರೆಸಿ, ಬೆಳಕಿಗೆ ಹಿಡಿದು, ಪಕ್ಕದವನಿಗೆ ತೋರಿಸಿ ನಕ್ಕಿದ್ದು ನೆನಪಿದೆ. ಹಿತ್ತಾಳೆಯ ಬಳೆ ತೊಡಿಸಿದರು, ಕರಿಮರದ ಹಿಡಿ ಹಾಕಿದರು. ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮಲಗಿ ರೈಲಿನಲ್ಲಿ ಗದಗಿಗೆ ಬಂದೆ.

ಅಲ್ಲಿನ ಒಂದು ಬ್ಯಾಂಕಿನ ಹೆಡ್ ಕ್ಲಾರ್ಕ್ ಪದ್ಮಾಕರ ಶಿರಹಟ್ಟಿಯವರ ಮೇಜು ನನ್ನ ಮೊದಲ ಮನೆ. ಆಗ ಪ್ರತಿ ಖಾತೆದಾರರ ಸಹಿಯ ಮಾದರಿ ಒಂದು ಕಾರ್ಡಿನ ಮೇಲೆ ಇರುತ್ತಿತ್ತು. ಚೆಕ್ಕು ಬಂದರೆ ಕಾರ್ಡನ್ನು ಪಕ್ಕದಲ್ಲಿಟ್ಟು, ನನ್ನ ಮೂಲಕ ಎರಡನ್ನೂ ಹೋಲಿಸಿ ನೋಡಿ, ಆಮೇಲೆ ಹಣ ಕೊಡುತ್ತಿದ್ದರು. ಒಮ್ಮೆ ಉಣ್ಣೆ ಮಾರುವ ಮುದುಕಿಯೊಬ್ಬಳ ಸಹಿ ಕೂಡಲಿಲ್ಲ. ಅವಳ ಕೈ ನಡುಗುತ್ತಿತ್ತು. ಶಿರಹಟ್ಟಿಯವರು ಚೆಕ್ಕು ವಾಪಸು ಮಾಡಲಿಲ್ಲ. ಅವಳನ್ನು ಫ್ಯಾನಿನ ಕೆಳಗೆ ಕೂಡಿಸಿ, ನೀರು ತರಿಸಿ, ಅರ್ಧ ತಾಸು ಬಿಟ್ಟು ಇನ್ನೊಮ್ಮೆ ಸಹಿ ಮಾಡಿಸಿದರು. ಆಗ ಕೂಡಿತು.

ಅದೇ ವರ್ಷ ಇಂದುಮತಿ ಬಳಿಗಾರ ಎಂಬ ಹುಡುಗಿ ಕೆಲಸಕ್ಕೆ ಸೇರಿದಳು. ಒಂದು ನೇಕಾರರ ಸಂಘದ ಚೆಕ್ಕನ್ನು ಅವಳು ಹತ್ತು ನಿಮಿಷ ನನ್ನ ಮೂಲಕ ನೋಡಿ, ಸಹಿ ಸರಿಯಾಗಿದೆ, ಹಣ ಕೊಡಬಹುದು ಎಂದಳು. ಶಿರಹಟ್ಟಿಯವರು ಮೆಲ್ಲಗೆ ಹೇಳಿದರು: "ಸಹಿ ಖರೆ ಐತಿ ತಂಗಿ. ಆದ್ರ ಆ ಕಾರ್ಯದರ್ಶಿ ಅವಧಿ ಹೋದ ವಾರನ ಮುಗದೈತಿ. ಸಹಿ ಅವರದ ಆದ್ರೂ ಅಧಿಕಾರ ಅವರದಲ್ಲ."

ಇಂದುಮತಿಯ ಮುಖ ಕೆಂಪಾಯಿತು. ಶಿರಹಟ್ಟಿಯವರು ಆ ಮಾತನ್ನು ಬೇರೆ ಯಾರಿಗೂ ಹೇಳಲಿಲ್ಲ.

ನಿವೃತ್ತಿಯ ದಿನ ಶಿರಹಟ್ಟಿಯವರು ನನ್ನನ್ನು ಅವಳ ಕೈಗೆ ಕೊಟ್ಟರು. ನಾನು ಕಚೇರಿಯ ಸ್ವತ್ತು ಎಂದು, ಅದಕ್ಕೂ ಮೊದಲು ನನ್ನ ಬೆಲೆ ಕಟ್ಟಿ ರಸೀದಿ ಪಡೆದಿದ್ದರು. ಮುಂದೆ ಕಂಪ್ಯೂಟರುಗಳು ಬಂದವು, ನಾನು ಡ್ರಾವರಿನಲ್ಲಿ ಬಹಳ ವರ್ಷ ಮಲಗಿದೆ. ಇಂದುಮತಿಯವರಿಗೂ ನಿವೃತ್ತಿಯಾದಾಗ ಬೆಟಗೇರಿಯ ಅವರ ಮನೆಗೆ ಹೋದೆ. ಔಷಧಿಯ ಚೀಟಿ, ಪಂಚಾಂಗದ ಸಣ್ಣ ಅಕ್ಷರ ಓದುವುದು ನನ್ನ ಕೆಲಸವಾಯಿತು. ಅದೂ ಸುಖವಾಗಿಯೇ ಇತ್ತು.

ಇಂದುಮತಿಯವರ ತಂಗಿ ಚಂದ್ರಕಲಾ ಇಪ್ಪತ್ತೆರಡು ವರ್ಷದಿಂದ ಬಾಡಿಗೆಯ ಜಾಗದಲ್ಲಿ ಖಾನಾವಳಿ ನಡೆಸುತ್ತಿದ್ದರು. ಜಾಗದ ಒಡತಿ ಜೀರಗಿ ಅಮ್ಮನವರು ಅದನ್ನು ಮಾರುವ ಮನಸ್ಸು ಮಾಡಿದ್ದರು. ಚಂದ್ರಕಲಾರ ಬಳಿ ಇದ್ದದ್ದು ಆರು ಲಕ್ಷ. ಬೆಲೆ ಅದರ ಎರಡರಷ್ಟು. ಜಾಗ ಹೋದರೆ ಒಲೆಯೂ ಹೋದಂತೆ.

ದಿನಾ ಅಲ್ಲೇ ಉಣ್ಣುವ ಬಸರಕೋಡ ಮಾಸ್ತರು ಒಂದು ದಾರಿ ತೋರಿಸಿದರು. ಅವರ ಫೋನಿನಲ್ಲಿ ಒಂದು ಆ್ಯಪ್ ಇತ್ತು. ವಿದೇಶದ ದೊಡ್ಡ ದೊಡ್ಡ ಕಂಪನಿಗಳ ಶೇರು ಕೊಳ್ಳಬಹುದು, ಹಾಕಿದ್ದರ ಹತ್ತು ಪಟ್ಟು ವ್ಯವಹಾರ ಮಾಡಬಹುದು. ಎರಡು ತಿಂಗಳಲ್ಲಿ ಬಂದ ಲಾಭ ತಮ್ಮ ಪಿಂಚಣಿಗಿಂತ ಹೆಚ್ಚು ಎಂದರು. ಮಾಸ್ತರು ಮೋಸಗಾರರಲ್ಲ. ತಮಗೆ ಸಿಹಿ ಎನಿಸಿದ್ದನ್ನು ನಾಲ್ಕು ಮಂದಿಗೆ ಹಂಚುವ ಸ್ವಭಾವ.

"ನೀ ಹೂಂ ಅಂದ್ರ ಹಾಕ್ತೀನಕ್ಕಾ," ಎಂದರು ಚಂದ್ರಕಲಾ. "ಜೀವಮಾನ ಎಲ್ಲಾ ಸಹಿ ನೋಡೀದಿ. ನಿನ್ನ ಕಣ್ಣಿಗಿಂತ ಹೆಚ್ಚಿಂದು ನನಗ ಬ್ಯಾಡ."

ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ಮೂವರೂ ಕೂತರು. ಮಾಸ್ತರು ಕಂಪನಿಯ ಪರವಾನಗಿ ಪತ್ರವನ್ನು ಮುದ್ರಿಸಿ ತಂದಿದ್ದರು. ಇಂದುಮತಿ ನನ್ನನ್ನು ಅದರ ಮೇಲೆ ಅಂಗುಲ ಅಂಗುಲವಾಗಿ ನಡೆಸಿದರು. ಮೊಹರು ಸ್ವಚ್ಛವಾಗಿತ್ತು, ಸಹಿ ತಡವರಿಸಿರಲಿಲ್ಲ. ಪರವಾನಗಿ ಕೊಟ್ಟ ಕಚೇರಿಯ ಜಾಲತಾಣದಲ್ಲೂ ಅದೇ ಸಂಖ್ಯೆ ಇತ್ತು. "ಖರೆ ಐತಿ," ಎಂದರು. ನನಗೂ ಹಾಗೇ ಕಂಡಿತ್ತು.

ಚಂದ್ರಕಲಾ ಹಿಟ್ಟಿನ ಕೈ ಒರೆಸಿಕೊಂಡು ಫೋನು ಎತ್ತಿದವರು ಪತ್ರದ ಮೊಹರು ನೋಡಿ ನಿಂತರು. "ಇದು ಯಾವ ಊರಿನ ಸಿಕ್ಕಾ?"

ಇಂದುಮತಿ ಅಕ್ಷರ ಕೂಡಿಸಿ ಓದಿದರು. ಯಾವುದೋ ಸಮುದ್ರದ ನಡುವಿನ ದ್ವೀಪ. ಚಂದ್ರಕಲಾ ಗೋಡೆಯತ್ತ ನೋಡಿದರು. ಅಲ್ಲಿ ಅವರ ಖಾನಾವಳಿಯ ಲೈಸೆನ್ಸು ತೂಗುತ್ತಿತ್ತು, ಒಗ್ಗರಣೆಯ ಹೊಗೆಗೆ ಹಳದಿಯಾಗಿತ್ತು.

"ನಂದು ಗದಗಿನ ಲೈಸೆನ್ಸು. ಇದನ್ನ ಹಿಡಕೊಂಡು ನಾಳೆ ಹುಬ್ಬಳ್ಳ್ಯಾಗ ಒಲಿ ಹಚ್ಚಿದ್ರ ಬಿಡ್ತಾರೇನ್ರಿ ಮಾಸ್ತರ?"

"ಅದು ರೊಟ್ಟಿ, ಇದು ಇಂಟರ್‌ನೆಟ್ಟು ಚಂದ್ರವ್ವಾ. ಇಂಟರ್‌ನೆಟ್ಟಿಗೆ ಎಲ್ಲೀ ಊರು?"

"ಮತ್ತ ಜಗಳ ಬಂದ್ರ ನಾ ಯಾವ ಊರಿಗೆ ಹೋಗ್ಲಿ?"

ಇಂದುಮತಿ ನನ್ನನ್ನು ಮೇಜಿನ ಮೇಲೆ ಬೋರಲು ಇಟ್ಟರು. ನೇಕಾರರ ಸಂಘದ ಆ ಚೆಕ್ಕು ನನಗೂ ನೆನಪಾಯಿತು. "ನಾ ತಪ್ಪು ಹೇಳಿದೆ," ಎಂದರು. "ಸಹಿ ಖರೆ. ಇಲ್ಲಿ ವ್ಯವಹಾರ ಮಾಡೂ ಅಧಿಕಾರ ಐತೋ ಇಲ್ಲೋ ನೋಡಲೇ ಇಲ್ಲ."

ಆಮೇಲೆ ಸರಿಯಾಗಿ ನೋಡಿದರು. ನಮ್ಮ ದೇಶದಲ್ಲಿ ಶೇರು ವ್ಯವಹಾರ ನೋಡಿಕೊಳ್ಳುವ ಸೆಬಿಯ ಪಟ್ಟಿಯಲ್ಲಿ ಆ ಕಂಪನಿಯ ಹೆಸರಿರಲಿಲ್ಲ. ಆ್ಯಪಿನ ಕೊನೆಯಲ್ಲಿ, ಬೂದಿ ಬಣ್ಣದ ಸಣ್ಣ ಅಕ್ಷರಗಳಲ್ಲಿ, ತಕರಾರು ಬಂದರೆ ಆ ದ್ವೀಪದ ಕಾನೂನಿನಂತೆ ಅಲ್ಲೇ ತೀರ್ಮಾನ ಎಂದಿತ್ತು. ಹತ್ತು ಪಟ್ಟು ಎಂದರೆ ನಷ್ಟವೂ ಹತ್ತು ಪಟ್ಟು ಎಂಬುದು ಅದರ ಕೆಳಗಿನ ಸಾಲಿನಲ್ಲಿತ್ತು. ಕ್ಯಾಲೆಂಡರಿನ ಹಿಂಬದಿಯಲ್ಲಿ ಲಾಭದ ಕಡೆ, ಅಪಾಯದ ಕಡೆ ಎಂದು ಎರಡು ಸಾಲು ಬರೆದರು. ಕಮಿಷನ್ ಕಡಿಮೆ ಎಂದು ಮಾಸ್ತರು ಹೇಳಿದ್ದನ್ನೂ, ಅವರಿಗೆ ಒಮ್ಮೆ ಹಣ ಸರಿಯಾಗಿ ಕೈಸೇರಿದ್ದನ್ನೂ ಇಂದುಮತಿ ಬಿಡದೆ ಬರೆದರು.

"ಕಂಪನಿ ಚಲೋನೂ ಇರಬಹುದು," ಎಂದರು ಕೊನೆಗೆ. "ಕೆಟ್ಟದ್ದಾದ್ರ ಇಲ್ಲಿ ಕೇಳವ್ರು ಯಾರೂ ಇಲ್ಲ."

ಚಂದ್ರಕಲಾ ಫೋನು ಕೆಳಗಿಟ್ಟರು. ಅಕ್ಕನ ತಪ್ಪನ್ನು ಎತ್ತಿ ಆಡಲಿಲ್ಲ. ಬಿಸಿ ರೊಟ್ಟಿಗೆ ಬೆಣ್ಣೆ ಹಾಕಿ ಅವರ ಮುಂದೆ ಸರಿಸಿದರು, ಅಷ್ಟೇ.

ಮರುದಿನ ಇಬ್ಬರೂ ಜೀರಗಿ ಅಮ್ಮನವರ ಮನೆಗೆ ಹೋಗಿ, ಅರ್ಧ ಹಣ ಈಗ, ಉಳಿದದ್ದು ನಾಲ್ಕು ವರ್ಷದಲ್ಲಿ ಕೊಟ್ಟರೆ ನಡೆಯುತ್ತದೆಯೇ ಎಂದು ಕೇಳಿದರು. ಇಪ್ಪತ್ತೆರಡು ವರ್ಷ ಬಾಡಿಗೆ ಒಂದು ದಿನ ತಡವಾಗಿಲ್ಲ, ಮೊದಲೇ ಯಾಕೆ ಕೇಳಲಿಲ್ಲ ಎಂದು ಆ ಅಮ್ಮ ಗದರಿ ಒಪ್ಪಿದರಂತೆ. ಮಾಸ್ತರು ಆ್ಯಪಿನಲ್ಲಿದ್ದ ತಮ್ಮ ಹಣದಲ್ಲಿ ಅರ್ಧ ವಾಪಸು ತೆಗೆದರು. ಅದು ಬಂತು, ನಮಗೆಲ್ಲ ಸಮಾಧಾನವಾಯಿತು. ಉಳಿದರ್ಧ ಅಲ್ಲೇ ಇದೆ. ಅವರು ಊಟದ ನಡುವೆ ಅದು ಏರುವುದನ್ನೂ ಇಳಿಯುವುದನ್ನೂ ನೋಡುತ್ತಾರೆ. ಅದೇನಾಗುವುದೋ ನನಗೆ ಗೊತ್ತಿಲ್ಲ.

ಈಗ ನನ್ನ ಅಂಚು ಒಡೆದಿದೆ, ಹಿತ್ತಾಳೆ ಕಪ್ಪಾಗಿದೆ. ಖಾನಾವಳಿಯ ಗೋಡೆಯಲ್ಲಿ, ಲೈಸೆನ್ಸಿನ ಪಕ್ಕದ ಮೊಳೆಗೆ ನನ್ನನ್ನು ತೂಗುಹಾಕಿದ್ದಾರೆ. ಕನ್ನಡಕ ಮರೆತು ಬಂದವರು ಇಳಿಸಿಕೊಂಡು ಪೇಪರು ಓದಿ, ಒರೆಸಿ ಮತ್ತೆ ತೂಗುಹಾಕುತ್ತಾರೆ. ಸಣ್ಣದನ್ನು ದೊಡ್ಡದು ಮಾಡಿ ತೋರಿಸುವುದಷ್ಟೇ ನನಗೆ ಗೊತ್ತು. ಎಲ್ಲಿ ನೋಡಬೇಕೆಂಬುದನ್ನು ಹಿಡಿದವರೇ ಹೇಳಬೇಕು.

ಖರೀದಿ ಕರಾರು ನೋಂದಣಿಯಾದ ದಿನ ಇಂದುಮತಿ ಅದನ್ನು ಸಾಲು ಸಾಲಾಗಿ ನನ್ನ ಮೂಲಕ ಓದಿ ಮುಗಿಸಿದರು. ಆಗ ಚಂದ್ರಕಲಾ ಮೊದಲ ಸಲ ನನ್ನನ್ನು ಕೈಗೆ ತೆಗೆದುಕೊಂಡರು. ಹಿಡಿಗೆ ಜೋಳದ ಹಿಟ್ಟು ಹತ್ತಿತು. ಬೇರೇನನ್ನೂ ನೋಡದೆ ನೇರವಾಗಿ ಮೊಹರಿನ ಮೇಲೆ ನನ್ನನ್ನು ಇಟ್ಟು, ಬಗ್ಗಿ, ತುಟಿ ಅಲುಗಿಸುತ್ತ ಓದಿದರು.

"ಗದಗ ಅಂತೈತಿ ಅಕ್ಕಾ."